ಗಾಲಿ ಬಾವಿ ಓಣಿಯ ಕಲ್ಲು

ಶಹಾಪುರ
17 ಆಗಸ್ಟ್ 2025

ತಂಗಿ ಸರೋಜಾ,

ಗಾಲಿ ಬಾವಿಯಲ್ಲಿ ಮತ್ತೆ ನೀರು ಕಂಡಿದೆ. ಹೂಳು ತೆಗೆಯಲು ಇಳಿದಿದ್ದ ರಾಜಾಸಾಬ ನಿನ್ನೆ ಸಂಜೆ ನಾಲ್ಕೂವರೆಗೆ ಕೆಳಗಿನಿಂದ ಕೂಗಿ ಹೇಳಿದ: "ಸಾವ್ಕಾರ್ರ, ಕಾಲು ತಣ್ಣಗಾದವು! ಹಗ್ಗ ಎಳೀರಿ, ಇಲ್ಲಾಂದ್ರ ನಾನು ಇಲ್ಲೇ ಈಸು ಬೀಳಬೇಕಾಗ್ತದ." ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಾಗ ಎರಡು ಅಡಿ ಇತ್ತು. ಇವತ್ತು ಬೆಳಗ್ಗೆ ನಾಲ್ಕು ಅಡಿ.

ನೀನು ಊರು ಬಿಟ್ಟ ಮೇಲೆ ಆದದ್ದನ್ನು ಹೇಳಬೇಕು. ಮನೆಮನೆಗೆ ನಲ್ಲಿ ಬಂದವು, ಬಾವಿಗೆ ಬರುವವರು ಕಡಿಮೆಯಾದರು. ಕಳೆದ ಹನ್ನೆರಡು ವರ್ಷ ಅದು ಓಣಿಯ ಕಸದ ಗುಂಡಿಯಾಗಿತ್ತು. ಈ ಜೂನ್‌ನಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಶಿಕ್ಷಕಿ ಶಿವರಂಜನಿ ತಮ್ಮ ವಿದ್ಯಾರ್ಥಿಗಳಿಂದ ಓಣಿಯ ಇತಿಹಾಸ ಬರೆಸಲು ಶುರುಮಾಡಿದರು. ಯಾವ ಮನೆ ಯಾವಾಗ ಕಟ್ಟಿದ್ದು, ಎಣ್ಣೆ ಗಾಣ ಎಲ್ಲಿತ್ತು, ಅಂಚೆ ಡಬ್ಬಿ ಯಾರ ಗೋಡೆಗಿತ್ತು, ಎಲ್ಲ ಕೇಳುತ್ತ ಕೇಳುತ್ತ ಬಾವಿಗೆ ಬಂದು ನಿಂತರು. ಓಣಿಯವರು ಒಂದು ಸಮಿತಿ ಮಾಡಿಕೊಂಡು ಬಾವಿ ಸ್ವಚ್ಛ ಮಾಡಿಸಿದ್ದಾರೆ. ಇನ್ನು ಕಟ್ಟೆಗೆ ಒಂದು ಕಲ್ಲು ಕೂರಿಸಬೇಕು. ಕಲ್ಲಿನ ಮೇಲೆ ಕೆತ್ತಿಸಲು ಶಿವರಂಜನಿ ಬರೆದ ಕರಡು ಹೀಗಿದೆ:

"ಈ ಬಾವಿಯನ್ನು 1943ರಲ್ಲಿ ಓಣಿಯ ವರ್ತಕ ಸಂಗಣ್ಣನವರು ತೋಡಿಸಿದರು."

ಆಧಾರ ಎಂದು ಕೆಳಗೆ ನನ್ನ ಲೇಖನ ತೋರಿಸಿದ್ದಾರೆ. ನಾನು ಪತ್ರಿಕೆಗೆ ಬಾತ್ಮೀದಾರನಾಗಿದ್ದಾಗ, 1999ರ ಜೂನ್‌ನಲ್ಲಿ ಬರೆದದ್ದು. ಸಂಗಣ್ಣ ನನ್ನ ಮುತ್ಯಾ, ಅಪ್ಪನ ತಂದೆ, ಎಂಬುದನ್ನು ನಿನಗೆ ಹೇಳಬೇಕಿಲ್ಲ.

ಆಕ್ಷೇಪಣೆ ಇದ್ದವರು ಡಿಸೆಂಬರ್ 31ರೊಳಗೆ ಸಮಿತಿಗೆ ಬರೆದು ಕೊಡಬೇಕು. ಅದಾದ ಮೇಲೆ ಕಲ್ಲು ಕೆತ್ತಲು ಹೋಗುತ್ತದೆ. ನೀನು ಈ ಓಣಿಯ ಮಗಳು, ಬಾವಿಯ ಎದುರು ಮನೆಯವಳು. ಹೇಳುವುದಿದ್ದರೆ ಬರೆ.

ನಮ್ಮ ನಡುವೆ ಪತ್ರ ನಿಂತು ಇಪ್ಪತ್ತಾರು ವರ್ಷವಾಯಿತು. ವಿಳಾಸ ಅದೇ ಇದೆಯೋ ಇಲ್ಲವೋ ತಿಳಿಯದು.

ಇಂತಿ,
ಸಂಗಮನಾಥ


ನಾರಾಯಣಪುರ
2 ಸೆಪ್ಟೆಂಬರ್ 2025

ಶ್ರೀ ಸಂಗಮನಾಥ ಅವರಿಗೆ,

ವಿಳಾಸ ಅದೇ ಇದೆ. ಜಲಾಶಯ ತುಂಬಿದೆ, ಗೇಟು ತೆರೆದಿದ್ದಾರೆ. ಅಡುಗೆ ಮನೆಯಲ್ಲಿ ನಿಂತರೂ ಸದ್ದು ಕೇಳುತ್ತದೆ.

ನಾನು ನಿವೃತ್ತಳಾಗಿ ಎರಡು ವರ್ಷ. ನೀರಾವರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನನ್ನದು ಒಂದೇ ಕೆಲಸ: ಬೆಳಗ್ಗೆ ಮೆಟ್ಟಿಲಿಳಿದು ಅಳತೆ ಪಟ್ಟಿಯಲ್ಲಿ ನೀರಿನ ಮಟ್ಟ ನೋಡುವುದು, ಪುಸ್ತಕದಲ್ಲಿ ಬರೆಯುವುದು. ಮಳೆ ಹೊಡೆಯುತ್ತಿದ್ದ ದಿನವೂ ಇಳಿದಿದ್ದೇನೆ. ನೋಡದೆ ಒಂದು ದಿನವೂ ಬರೆದಿಲ್ಲ.

ಬಾವಿಯ ಬಗ್ಗೆ ನಾನು ಹೇಳುವುದನ್ನು 1999ರ ಜುಲೈನಲ್ಲೇ ಬರೆದು ನಿಮ್ಮ ಕೈಗೆ ಕಳಿಸಿದ್ದೇನೆ. ರಿಜಿಸ್ಟರ್ ಅಂಚೆ. ನಿಮ್ಮ ಸಹಿಯಿರುವ ಸ್ವೀಕೃತಿ ಚೀಟಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನೇ ಮತ್ತೆ ಬರೆಯಲಾರೆ.

ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ, ಮದುಮಕ್ಕಳ ಸುರಗಿ ಸ್ನಾನಕ್ಕೆ ನೀರು ಸೇದುವ ಮೊದಲು ಹೆಂಗಸರು ಬಾವಿಯ ರಾಟೆಯ ಗಾಲಿಗೆ ಕರಿ ಉಣ್ಣೆಯ ಎಳೆ ಕಟ್ಟುತ್ತಿದ್ದರು. ನಿಮ್ಮ ಅಕ್ಕನ ಮದುವೆಯಲ್ಲೂ ಕಟ್ಟಿದರು. ನೀವು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಿರಿ. ಕಿರಾಣಿ ಅಂಗಡಿಯವರು ತೋಡಿಸಿದ ಬಾವಿಗೆ ನಮ್ಮ ಕುರುಬರ ಮನೆಯ ಉಣ್ಣೆ ಯಾಕೆ?

ತಂಗಿ ಎಂದು ಬರೆಯುವುದು ಬೇಡ.

ಸರೋಜಾ


ಶಹಾಪುರ
21 ಸೆಪ್ಟೆಂಬರ್ 2025

ಸರೋಜಾ ಅವರಿಗೆ,

ಐದು ಜನರನ್ನು ಕೇಳಿದೆ. ನಾಲ್ವರು ಬಾವಿ ತೋಡಿಸಿದವರು ಸಂಗಣ್ಣ ಎಂದರು. ಐದನೆಯವರು ಮಾನಮ್ಮ.

ಮೊದಲ ನಾಲ್ವರಲ್ಲಿ ಚಹಾ ಹೋಟೆಲಿನ ಹಣಮೇಶನ ಮಾತನ್ನು ಇದ್ದಂತೆ ಬರೆಯುತ್ತೇನೆ, ಉಳಿದ ಮೂವರದ್ದೂ ಅದೇ.

"ಸಂಗಣ್ಣ ಸಾವ್ಕಾರ್ರ ತೋಡಿಸ್ಯಾರ, ಅದರಾಗೇನು ಕೇಳೂದದರಿ?"

"ನಿನಗ ಹೆಂಗ ಗೊತ್ತು?"

"ಪೇಪರ್‌ನ್ಯಾಗ ಬಂದದಲ್ರಿ."

"ಯಾರು ಬರ್ದಿದ್ರು?"

ಅವನು ಚಹಾದ ಜರಡಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವಽ ಅಲ್ರೀ! ಬಿಪಿ ಗುಳಿಗಿ ತಗೊಂಡೀರಿಲ್ಲೋ ಇವತ್ತು?" ಎಂದು ಗೋಡೆ ತೋರಿಸಿದ. ನನ್ನ ಲೇಖನವನ್ನು ಕತ್ತರಿಸಿ, ಪ್ಲಾಸ್ಟಿಕ್ ಹಾಕಿಸಿ, ದರಪಟ್ಟಿಯ ಪಕ್ಕ ಅಂಟಿಸಿದ್ದಾನೆ.

ಶಿವರಂಜನಿಯ ವಿದ್ಯಾರ್ಥಿಗಳು ಹನ್ನೊಂದು ಮಂದಿ ಹಿರಿಯರ ಹೇಳಿಕೆ ಬರೆದುಕೊಂಡಿದ್ದಾರೆ. ಅವನ್ನೂ ತರಿಸಿ ಓದಿದೆ. ಹನ್ನೊಂದರಲ್ಲಿ ಹನ್ನೊಂದೂ ಬಂದು ಮುಟ್ಟುವುದು ನನ್ನ ಲೇಖನಕ್ಕೆ. ಹೆಂಗಸರು ಒಬ್ಬರೂ ಇಲ್ಲ. ಒಂದು ಸುದ್ದಿಗೆ ಇಬ್ಬರಾದರೂ ಬೇರೆ ಬೇರೆ ಹೇಳುವವರು ಬೇಕು ಎಂದು ಹೊಸ ಬಾತ್ಮೀದಾರರಿಗೆ ನಾನೇ ಪಾಠ ಹೇಳಿದ್ದೇನೆ. ಈ ಸುದ್ದಿಗೆ ಇರುವವನು ಒಬ್ಬನೇ, ಅವನು ನಾನು.

ಮಾನಮ್ಮನಿಗೆ ಈಗ ಎಂಬತ್ತಾರು. ಕಣ್ಣು ಮಂದ, ಬಾಯಿ ಮೊದಲಿನಂತೆಯೇ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಗಾಲಿಗೆ ಉಣ್ಣಿ ಯಾಕ ಕಟ್ಟತಿದ್ರಿ, ಆಯಿ?"

"ಭೀಮವ್ವಗ ಹೇಳಿ ಸೇದಬೇಕಲ್ಲೋ. ಆಕಿ ಕುರಿ ಹಿಂದ ಅಡವಿಗೆ ಹೋದಾಕಿ ಎಂಟೆಂಟು ದಿನ ಬರ್ತಿದ್ದಿಲ್ಲ. ಆಕಿ ಮನಿ ಉಣ್ಣಿ ಗಾಲಿಗೆ ಕಟ್ಟಿದ್ರ ಆಕಿಗೆ ಹೇಳಿದಂಗ. ನಾ ಲಗ್ನ ಆಗಿ ಬಂದಾಗ ನಮ್ಮ ಅತ್ತಿ ಕಲಿಸಿದ್ಲು."

"ಮತ್ತ ನಾ ಪೇಪರ್‌ನ್ಯಾಗ ಬರ್ದಾಗ ಯಾಕ ಹೇಳಲಿಲ್ಲ?"

"ನೀ ಕೇಳಿದ್ದೇನು? ಗಂಡಸರು ಕಟ್ಟಿ ಮ್ಯಾಲ ಕುಂತು ಬಾವಿ ಪುರಾಣ ಹೇಳ್ತೀರಿ. ನೀರು ಸೇದಿದಾವರು ನಾವು. ಸರಿ ಅತ್ಲಾಗ, ಬಿಸಿಲು ಅಡ್ಡ ನಿಂತೀದಿ."

ಮಾನಮ್ಮ ಮದುವೆಯಾಗಿ ಬಂದದ್ದು 1957ರ ಸುಮಾರಿಗೆ. ಬಾವಿ ತೋಡಿದ್ದನ್ನು ಕಂಡವಳಲ್ಲ. ಅವಳ ಮಾತೂ ಕೇಳಿದ ಮಾತೇ. ಆದರೆ ಅದು ನನ್ನ ಲೇಖನದಿಂದ ಬಂದದ್ದಲ್ಲ.

1999ರಲ್ಲಿ ನಾನು ಏನು ನೋಡಿ ಬರೆದೆ ಎಂಬುದನ್ನು ಹೇಳುತ್ತೇನೆ. ಆಗ ಸುದ್ದಿಯನ್ನು ಕವರಿಗೆ ಹಾಕಿ ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಬಸ್ಸು ಬಿಡುವುದು ನಾಲ್ಕಕ್ಕೆ. ಅಂದು ಒಂದು ಕಾಲಂ ಜಾಗ ಖಾಲಿ ಇದೆ, ಊರಿನ ಹಳೆಯದೇನಾದರೂ ಕಳಿಸಿ ಎಂದು ಕಚೇರಿಯಿಂದ ಫೋನು ಬಂದಾಗ ಮೂರು ದಾಟಿತ್ತು. ಅಂಗಡಿಯಲ್ಲಿ ಕೂತು ಬರೆದೆ. ನನ್ನ ಎದುರಿಗೆ, ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ, ಕಟ್ಟು ಹಾಕಿಸಿದ ಉರ್ದು ಕಾಗದ ಇತ್ತು. ನಿಜಾಮರ ಸರ್ಕಾರ ಸಂಗಣ್ಣ ಮುತ್ಯಾನಿಗೆ ಬಾವಿ ತೋಡಿಸಿದ್ದಕ್ಕೆ ಕೊಟ್ಟ ಸನದು ಅದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದಿದ್ದಾರೆ. ಪ್ರತಿ ದೀಪಾವಳಿಗೆ ಅದನ್ನು ಕೆಳಗಿಳಿಸಿ, ಒರೆಸಿ, ಲಕ್ಷ್ಮಿಯ ಪಕ್ಕ ಇಟ್ಟು ಪೂಜೆ ಮಾಡುತ್ತೇವೆ. ಅದೇ ನನ್ನ ಆಧಾರವಾಗಿತ್ತು.

ನಿಮ್ಮ ಮನೆಗೆ ಬಂದು ಕೇಳಲು ಹೊತ್ತಿರಲಿಲ್ಲ ಎಂದುಕೊಂಡೆ.

ಸಂಗಮನಾಥ


ನಾರಾಯಣಪುರ
6 ಅಕ್ಟೋಬರ್ 2025

ಶ್ರೀ ಸಂಗಮನಾಥ ಅವರಿಗೆ,

ನಿಮ್ಮ ಪತ್ರ ಬಂದು ವಾರವಾಯಿತು. ಎರಡು ಸಲ ಉತ್ತರ ಬರೆದು ಹರಿದೆ.

ನಿಮ್ಮ ಲೇಖನ ಬಂದ ದಿನ ನಾನು ರಜೆಯ ಮೇಲೆ ಶಹಾಪುರದಲ್ಲಿದ್ದೆ. ಪೇಪರ್ ಮನೆಗೆ ತಂದವಳು ನಾನೇ. ನಮ್ಮ ಓಣಿಯ ಹೆಸರು ಪೇಪರಿನಲ್ಲಿ ಬಂದಿದೆ ಎಂಬ ಸಂಭ್ರಮದಲ್ಲಿ, ಪೂರ್ತಿ ನೋಡದೆಯೇ, ಅಜ್ಜಿ ಭೀಮವ್ವ ಆಯಿಯ ಮುಂದೆ ಕೂತು ಜೋರಾಗಿ ಓದಲು ಶುರುಮಾಡಿದೆ. ಆಯಿಗೆ ಆಗ ಎಂಬತ್ತರ ಮೇಲೆ. ಕಂಬಳಿ ಮೇಲೆ ಕೂತು ಎಲಿ ಅಡಿಕಿ ಹಾಕುತ್ತಿದ್ದಳು. ಸಂಗಣ್ಣನವರ ಹೆಸರು ಬಂದ ಸಾಲನ್ನು ಓದಿ ಮುಗಿಸಿದ ಮೇಲೆ ನನಗೆ ತಿಳಿಯಿತು. ನಿಲ್ಲಿಸಿದೆ.

"ಮುಂದ ಓದು" ಎಂದಳು. ಓದಿದೆ.

ಮುಗಿದ ಮೇಲೆ ಆಯಿ ಕೇಳಿದ್ದು ಒಂದೇ ಮಾತು: "ಸಂಗಮ ಬರ್ದಾನೇನು?" ಹೌದು ಎಂದೆ. "ಆತು ಬಿಡು. ಕಾಗದ ಅವರ ಅಂಗಡ್ಯಾಗ ಐತಿ. ಎಂದರ ಓದಿದ್ರ ಗೊತ್ತಾಗ್ತೈತಿ."

ಮರುದಿನ ತಮ್ಮ ಹುಲಗಪ್ಪ ಬಾವಿಯಿಂದ ಕೊಡ ತಂದಿಟ್ಟ. ಆಯಿ ಮುಟ್ಟಲಿಲ್ಲ. "ಆ ಬಾವಿ ನಮ್ಮದಲ್ಲಂತ ಊರಿಗೆಲ್ಲ ಗೊತ್ತಾಗೇತಿ. ಮಂದಿ ಬಾವಿ ನೀರಿಗೆ ಕೇಳಿ ಹೋಗಬೇಕು, ನನಗ ನಡ್ಯಾಕ ಆಗೂದಿಲ್ಲ" ಎಂದಳು. ನಗುತ್ತಲೇ ಹೇಳಿದಳು. ಆಮೇಲೆ ಬದುಕಿದ್ದ ಎರಡು ವರ್ಷ ಆಕೆ ಕುಡಿದದ್ದು ಬೋರಿನ ನೀರು. ಅದು ಉಪ್ಪು. ನಾನೂ ಆ ಬಾವಿಯ ನೀರು ಕುಡಿದಿಲ್ಲ.

ತೋಡಿದವರಿಗೆ ಆಯಿ ಕೂಲಿಯ ಬದಲು ಹಟ್ಟಿಯ ಕುರಿಗಳನ್ನೇ ಕೊಟ್ಟಳು. ಗಂಡ ಸತ್ತ ಮೇಲೆ ಉಳಿದಿದ್ದ ಕುರಿಗಳು. ಬಾವಿ ಮುಗಿದಾಗ ಹಟ್ಟಿ ಖಾಲಿ. ಮತ್ತೆ ಎರಡು ಮರಿಯಿಂದ ಶುರುಮಾಡಿದಳು. ಇದನ್ನು ನಾನು ನೋಡಿಲ್ಲ, ಆಯಿ ಹೇಳಿದ್ದು. ಹಾಗೆಂದೇ ಬರೆದುಕೊಳ್ಳಿ.

ಆ ಸನದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಓದಿದ್ದಾರೆಯೇ? ನಿಮಗೆ ಉರ್ದು ಬರುವುದಿಲ್ಲ ಎಂದು ನನಗೆ ಗೊತ್ತು.

ಸರೋಜಾ


ಶಹಾಪುರ
24 ಅಕ್ಟೋಬರ್ 2025

ಸರೋಜಾ ಅವರಿಗೆ,

ಕಾಗದ ಓದಿಸಿದ್ದಾಯಿತು. ಓದಿದವರು ನಮ್ಮ ಶಾಲೆಯ ಉರ್ದು ಶಿಕ್ಷಕಿ ಫರ್ಹೀನ್. ದಿನ, ಪಾಡ್ಯದ ಬೆಳಗ್ಗೆ. ಬೇರೆ ದಿನ ಅದನ್ನು ಗೋಡೆಯಿಂದ ಇಳಿಸಲು ನಮ್ಮ ಅಣ್ಣನ ಮಗ ಭೀಮಾಶಂಕರ ಒಪ್ಪುವುದಿಲ್ಲ, ಈಗ ಅಂಗಡಿ ನಡೆಸುವವನು ಅವನೇ. ದೀಪಾವಳಿಯವರೆಗೆ ಕಾದೆ.

ಗಾಜಿನ ಮೇಲೆ ಊದುಬತ್ತಿಯ ಮಸಿ. ಕೆಳಗಿನ ಮೂಲೆಯಲ್ಲಿ ಒಂದು ದುಂಡನೆಯ ಕಪ್ಪು ಗುರುತಿದೆ, ಅದು ಸರ್ಕಾರದ ಮೊಹರು ಎಂದು ನಮ್ಮ ನಂಬಿಕೆ. ಪೂಜೆಯಲ್ಲಿ ಕುಂಕುಮ ಇಡುವುದು ಅದರ ಮೇಲೆಯೇ. ನಮ್ಮ ಅಜ್ಜಿ ಇಟ್ಟಳು, ಅವ್ವ ಇಟ್ಟಳು, ಈಗ ಭೀಮಾಶಂಕರನ ಹೆಂಡತಿ ಭುವನೇಶ್ವರಿ ಇಡುತ್ತಾಳೆ.

"ಕಾಕಾ, ಹಬ್ಬದ ದಿನ ಇದನ್ನ ಯಾಕ ಕೆದರಾಕತ್ತೀರಿ?" ಎಂದ ಭೀಮಾಶಂಕರ.

ಫರ್ಹೀನ್ ಕಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡರು. "ಸನದು ಅಲ್ರಿ ಇದು. ಇಜಾಜತ್‌ನಾಮಾ. ಬಾವಿ ತೋಡಾಕ ಪರವಾನಗಿ."

"ಬಾವಿದಽ ಅದಲ್ಲ ಮತ್ತ! ಕೇಳ್ರಿ ಕಾಕಾ, ನಮ್ಮ ಮುತ್ಯಾಂದಽ."

"ತಡೀರಿ ಅಣ್ಣಾರ, ಓದಾಕ ಬಿಡ್ರಿ. 1352 ಫಸಲಿ ಅಂತ ಅದ. ಮುಸಮ್ಮಾತ್ ಭೀಮವ್ವ, ಬೇವಾ… ಮುಸಮ್ಮಾತ್ ಅಂದ್ರ ಹೆಣ್ಮಕ್ಕಳ ಹೆಸರಿನ ಮುಂದ ಹಾಕತಿದ್ರು, ಈಗ ಶ್ರೀಮತಿ ಹಾಕಿದಂಗ. ಬೇವಾ ಅಂದ್ರ ಗಂಡ ಸತ್ತಾಕಿ. ಈಕಿ ತನ್ನ ಸ್ವಂತ ಖರ್ಚಿನ್ಯಾಗ ಓಣಿ ಮಂದಿ ಸಲುವಾಗಿ ಬಾವಿ ತೋಡಸ್ತೀನಿ ಅಂತ ಅರ್ಜಿ ಕೊಟ್ಟಾಳ. ಮಂಜೂರ್ ಆಗ್ಯದ."

"ನಮ್ಮ ಮುತ್ಯಾನ ಹೆಸರು?"

"ಅದನೂ ಅದರಿ, ಕೆಳಗ. ಕಾತಿಬ್, ಸಂಗಣ್ಣ. ಅರ್ಜಿ ಬರ್ದಾವ್ರು." ಆಮೇಲೆ ಫರ್ಹೀನ್ ಒದ್ದೆ ಅರಿವೆ ಕೇಳಿ ತೆಗೆದುಕೊಂಡು, ಮೂಲೆಯ ಕುಂಕುಮವನ್ನು ಮೆಲ್ಲಗೆ ಒರೆಸಿದರು. "ಮತ್ತ ಇದು ಸರ್ಕಾರದ ಸಿಕ್ಕಾ ಅಲ್ರಿ. ಹೆಬ್ಬಟ್ಟು. ಪಕ್ಕದಾಗ ಬರ್ದಾರ ನೋಡ್ರಿ, ಭೀಮವ್ವನ ಹೆಬ್ಬಟ್ಟಿನ ಗುರ್ತು ಅಂತ."

ನಾವಿಬ್ಬರೂ ಬಗ್ಗಿ ನೋಡಿದೆವು. ಗೆರೆಗಳು ಚೆನ್ನಾಗಿ ಕಾಣುತ್ತವೆ. ಒಂದು ಕಡೆ ಚರ್ಮ ಕುಯ್ದು ಮಾಯ್ದ ಗಾಯದ ಗುರುತೂ ಇದೆ, ಉಣ್ಣೆ ಕತ್ತರಿಸುವ ಕತ್ತರಿಯದ್ದಿರಬಹುದು. ಅದು ನನ್ನ ಊಹೆ.

ಭೀಮಾಶಂಕರ ತಕ್ಕಡಿಯ ಪಕ್ಕ ಕೂತುಬಿಟ್ಟ. "ಅಂದ್ರ ಇಷ್ಟು ವರ್ಷ ನಾವು ಭೀಮವ್ವನ ಹೆಬ್ಬಟ್ಟಿಗೆ ಪೂಜಿ ಮಾಡೀವಿ?"

ಒಳಗಿಂದ ಭುವನೇಶ್ವರಿ, "ಏನಾತೀಗ? ನೀರು ಕೊಟ್ಟಾಕಿಗೆ ಮಾಡೀವಿ. ಛಲೋನ ಆತಲ್ಲ" ಎಂದಳು. ಅವನಿಗೆ ಅದು ಹಿಡಿಸಲಿಲ್ಲ.

ಪರವಾನಗಿ ಭೀಮವ್ವನದು. ಅದು ನಮ್ಮ ಅಂಗಡಿಗೆ ಬಂದದ್ದು ಹೇಗೆಂದರೆ, ಆ ಕಾಲದಲ್ಲಿ ಓಣಿಯ ಎಷ್ಟೋ ಮನೆಯವರ ಕಾಗದಪತ್ರ ನಮ್ಮ ಟ್ರಂಕಿನಲ್ಲಿ ಇರುತ್ತಿದ್ದವು. ಗುಡಿಸಲು ಸೋರುತ್ತಿದ್ದವು, ಟ್ರಂಕು ಸೋರುತ್ತಿರಲಿಲ್ಲ. ಮುತ್ಯಾ ಹೋದ ಮೇಲೆ ಉರ್ದು ಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಕೆಳಗೆ ಯಾರಿಗೋ ಅವರ ಸಹಿ ಗುರುತು ಸಿಕ್ಕಿರಬೇಕು, ಕಟ್ಟು ಹಾಕಿಸಿದರು. ಕಟ್ಟು ಹಾಕಿಸಿದ್ದಕ್ಕೆ ಪೂಜೆ, ಪೂಜೆ ನಡೆದದ್ದಕ್ಕೆ ಸನದು.

ನಿಜಾಮರ ಕಾಲದ ಲೆಕ್ಕದ 1352 ಫಸಲಿ ಎಂದರೆ ನಮ್ಮ 1942-43. ವರ್ಷ ಮಾತ್ರ ನಾನು ಹೆಚ್ಚುಕಡಿಮೆ ಸರಿಯಾಗಿ ಬರೆದಿದ್ದೆ.

ಸಂಗಮನಾಥ


ಶಹಾಪುರ
16 ನವೆಂಬರ್ 2025

ಸರೋಜಾ ಅವರಿಗೆ,

ಶಿವರಂಜನಿ ಕರಡು ಬದಲಿಸಿದ್ದಾರೆ: "ಈ ಬಾವಿಯನ್ನು 1352 ಫಸಲಿಯಲ್ಲಿ (1942-43) ಈ ಓಣಿಯ ಕುರಿಗಾಹಿ ಭೀಮವ್ವ ತೋಡಿಸಿದರು." ಅದಕ್ಕೆ ಭೀಮಾಶಂಕರ ಲಿಖಿತ ಆಕ್ಷೇಪಣೆ ಕೊಟ್ಟಿದ್ದಾನೆ. ಕಾಗದ ತಮ್ಮ ಅಂಗಡಿಯದು, ಮುತ್ಯಾನ ಹೆಸರು ತೆಗೆದರೆ ಅದನ್ನು ಯಾರಿಗೂ ತೋರಿಸುವುದಿಲ್ಲ ಎಂದಿದ್ದಾನೆ. "ಇಷ್ಟು ವರ್ಷ ಇದ್ದ ಹೆಸರು ಅಳಿಸಿದ್ರ ಮಂದಿ ನಮ್ಮನ್ನ ಕಳ್ಳರು ಅಂತಾರ, ಕಾಕಾ. ನೀವು ಬರ್ದ ತಪ್ಪಿಗೆ ನಾ ಯಾಕ ತಲಿ ತಗ್ಗಿಸಲಿ?" ಎಂದು ಕೇಳಿದ. ಎರಡೂ ಮನೆಯವರ ಅಭಿಪ್ರಾಯ ಬರದೆ ಕಲ್ಲು ಕೆತ್ತಿಸುವುದು ಬೇಡ ಎಂದು ಸಮಿತಿ ತೀರ್ಮಾನಿಸಿದೆ. ನಿಮ್ಮ ಮಾತು ಬೇಕು.

ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಯಾಕೆಂದು ಬಲ್ಲೆ. ನಾನು ಎಲ್ಲ ಹೇಳಿ ಒಂದನ್ನು ಬಿಟ್ಟಿದ್ದೇನೆ.

ನಿಮ್ಮ ರಿಜಿಸ್ಟರ್ ಪತ್ರ ನನಗೆ ತಲುಪಿತು. 1999ರ ಜುಲೈ 12ರ ತಾರೀಖಿನದು. ಅದು ಸಂಪಾದಕರ ಹೆಸರಿಗೆ ಇತ್ತು, ನನ್ನ ಮೂಲಕ ಹೋಗಬೇಕಿತ್ತು. ನಾಲ್ಕರ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕವರಿಗೆ ಹಾಕಿದೆ, ಮತ್ತೆ ತೆಗೆದೆ. ಅಣ್ಣ ನೋಡಿದರೆ ಮನೆಯಲ್ಲಿ ರಂಪವಾಗುತ್ತದೆ ಎಂದುಕೊಂಡೆ. ತನ್ನ ಮನೆಯ ಸುದ್ದಿಯಲ್ಲೇ ತಪ್ಪು ಮಾಡಿದವನನ್ನು ಪತ್ರಿಕೆಯವರು ಇಟ್ಟುಕೊಳ್ಳುವುದಿಲ್ಲ ಎಂದೂ ಹೆದರಿದೆ. ನಾಳೆ ಕಳಿಸೋಣ ಎಂದು ಕಡತದಲ್ಲಿಟ್ಟೆ. ಅದು ಈಗಲೂ ಆ ಕಡತದಲ್ಲೇ ಇದೆ. ಮೊನ್ನೆ ತೆಗೆದು ಓದಿದೆ. ನಾಲ್ಕೇ ಸಾಲು:

"ಗಾಲಿ ಬಾವಿ ತೋಡಿಸಿದವಳು ನನ್ನ ಅಜ್ಜಿ ಭೀಮವ್ವ. ಆಕೆ ಇನ್ನೂ ಬದುಕಿದ್ದಾಳೆ. ಬಾವಿಯ ಎದುರು ಮನೆಯಲ್ಲೇ ಇದ್ದಾಳೆ. ದಯವಿಟ್ಟು ಬಂದು ಕೇಳಿ."

ಹೊತ್ತಿರಲಿಲ್ಲ ಎಂದು ಸೆಪ್ಟೆಂಬರಿನಲ್ಲಿ ನಿಮಗೆ ಬರೆದಿದ್ದೆ. ಲೇಖನದ ದಿನ ಇರಲಿಲ್ಲ, ನಿಜ. ಈ ಪತ್ರ ಬಂದ ಮೇಲೆ ಎರಡು ವರ್ಷ ಇತ್ತು. ನಮ್ಮ ಬಾಗಿಲಿನಿಂದ ನಿಮ್ಮ ಬಾಗಿಲಿಗೆ ನಲವತ್ತೊಂದು ಹೆಜ್ಜೆ. ಮೊನ್ನೆ ನಡೆದು ಎಣಿಸಿದೆ. ಆ ಎರಡು ವರ್ಷ ನಾನು ಬಾವಿಯ ಕಡೆಯಿಂದ ಹೋಗದೆ ಹಿಂದಿನ ಸಂದಿಯಿಂದ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ.

ನಿಮ್ಮ ಆಯಿ ತೀರಿಕೊಂಡಾಗ ಮಣ್ಣಿಗೆ ಬಂದಿದ್ದೆ. ಹಿಂದೆ ನಿಂತಿದ್ದೆ. ನೀವು ನೋಡಿದಿರಿ.

ಸಂಗಮನಾಥ


ನಾರಾಯಣಪುರ
22 ಡಿಸೆಂಬರ್ 2025

ಶ್ರೀ ಸಂಗಮನಾಥ ಅವರಿಗೆ,

ಹೊಸ ಕರಡಿಗೆ ನನ್ನ ಆಕ್ಷೇಪಣೆ ಇದೆ. ಸಮಿತಿಗೆ ಬೇರೆ ಬರೆದಿದ್ದೇನೆ, ಪ್ರತಿ ಇದರೊಂದಿಗಿದೆ. ಕರಡಿನಲ್ಲಿ ಸಂಗಣ್ಣನವರ ಹೆಸರಿಲ್ಲ. ಕಾಗದದಲ್ಲಿ ಇದೆ ಎಂದ ಮೇಲೆ ಕಲ್ಲಿನಲ್ಲೂ ಇರಬೇಕು. ಅರ್ಜಿ ಬರೆದವರು ಅವರು. ಇದ್ದುದನ್ನು ಬಿಟ್ಟು ಬರೆಯುವುದೂ ನೋಡದೆ ಬರೆದಂತೆಯೇ.

ಇದನ್ನು ಭೀಮಾಶಂಕರನಿಗೆ ಓದಿ ಹೇಳಿ. ಆಯಿ ನಮಗೆ ಎಷ್ಟೋ ಸಲ ಹೇಳಿದ್ದು. ಅರ್ಜಿ ಬರೆಯುವಾಗ ಆಯಿ ಸಂಗಣ್ಣನವರಿಗೆ, "ಸಾವ್ಕಾರ್ರ, ಹೆಣ್ಣಹೆಂಗಸು ನಾ, ಕಚೇರಿ ಗೊತ್ತಿಲ್ಲ. ನಿಮ್ಮ ಹೆಸರ್ಲೆ ಹಾಕ್ರಿ" ಎಂದಳಂತೆ. ಅವರು ಲೆಕ್ಕಣಿಕೆ ಕೆಳಗಿಟ್ಟು, "ಬ್ಯಾಡ ಭೀಮವ್ವ. ಇವತ್ತು ನನ್ನ ಹೆಸರು ಹಾಕಿದ್ರ ನಾಳೆ ನನ್ನ ಮೊಮ್ಮಕ್ಕಳು ಬಾವಿ ನಮ್ಮದಂತಾರ. ನಿನ್ನ ಹೆಬ್ಬಟ್ಟು ಒತ್ತು" ಎಂದರಂತೆ. ಆಯಿಯ ಕೈ ಹಿಡಿದು ಮಸಿಗೆ ಅದ್ದಿಸಿದವರೂ ಅವರೇ. ಹೆಬ್ಬೆರಳಿನ ಗಾಯ ಕತ್ತರಿಯದ್ದೇ. ನಿಮ್ಮ ಊಹೆ ಸರಿ.

1999ರ ಪತ್ರದ ಬಗ್ಗೆ. ಅದು ನಿಮಗೆ ಬರೆದದ್ದಲ್ಲ, ಸಂಪಾದಕರಿಗೆ ಬರೆದದ್ದು. ಈಗಲಾದರೂ ಕಳಿಸಿ. ತಾರೀಖು ತಿದ್ದಬೇಡಿ, "ಬದುಕಿದ್ದಾಳೆ" ಎಂಬುದನ್ನೂ ತಿದ್ದಬೇಡಿ.

ಮಣ್ಣಿನ ದಿನ ನೋಡಿದ್ದೆ. ಮುಂದೆ ಬರುತ್ತೀರೇನೋ ಎಂದು ಕಾದೆ.

ಸರೋಜಾ


ಶಹಾಪುರ
20 ಜನವರಿ 2026

ಸರೋಜಾ ಅವರಿಗೆ,

ನಿಮ್ಮ ಪತ್ರ ಮೊನ್ನೆ ಭಾನುವಾರ, 18ನೇ ತಾರೀಖಿನ ಪತ್ರಿಕೆಯಲ್ಲಿ ಐದನೇ ಪುಟದಲ್ಲಿ ಪ್ರಕಟವಾಗಿದೆ. ಬರೆದ ತಾರೀಖು 12 ಜುಲೈ 1999 ಎಂದೇ ಇದೆ. ಕೆಳಗೆ ನನ್ನ ತಿದ್ದುಪಡಿ, ನನ್ನ ಹೆಸರಿನಲ್ಲಿ: ಲೇಖನ ತಪ್ಪು, ಓದಲು ಬಾರದ ಕಾಗದವನ್ನು ಆಧಾರ ಮಾಡಿಕೊಂಡಿದ್ದೆ, ಈ ಪತ್ರವನ್ನು ಇಪ್ಪತ್ತಾರು ವರ್ಷ ತಡೆಹಿಡಿದವನು ನಾನು. ಪುಟದ ಪ್ರತಿ ಇದರೊಂದಿಗಿದೆ.

ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಕಿತ್ತು. ಮೂಲ ಪತ್ರವೇ ಹೋಗಲಿ ಎಂದು ಕವರಿಗೆ ಹಾಕಿ ನಾಲ್ಕರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. "ಈಗಿನ ಕಾಲದಾಗ ಕವರ್ ಯಾರ ಕೊಡ್ತಾರಿ, ಮುತ್ಯಾ? ಅರ್ಜೆಂಟ್ ಏನಿಲ್ಲಲ್ಲ?" ಎಂದ. ಅರ್ಜೆಂಟ್ ಎಂದೆ.

ಹಣಮೇಶ ಹೋಟೆಲಿನ ಗೋಡೆಯಿಂದ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದ್ದಾನೆ. "ಇದರಾಗೂ ತಪ್ಪಿದ್ರ ಈಗಽ ಹೇಳಿಬಿಡ್ರಿ, ಪ್ಲಾಸ್ಟಿಕ್ ಹಾಕಸೂಕಿಂತ ಮೊದಲ" ಎಂದ. ಓಣಿಯಲ್ಲಿ ಇಬ್ಬರು ನನ್ನನ್ನು ಮಾತಾಡಿಸುವುದು ಬಿಟ್ಟಿದ್ದಾರೆ, ಇಬ್ಬರೂ ನಮ್ಮ ಸಂಬಂಧಿಕರು. ಮಾನಮ್ಮ ಕರೆದು ಕೂರಿಸಿ ತೊಗರಿಬೇಳೆ ಕಟ್ಟಿ ಕೊಟ್ಟಳು.

ಭೀಮಾಶಂಕರನಿಗೆ ನಿಮ್ಮ ಪತ್ರದ ಆ ಭಾಗ ಓದಿದೆ. ಎರಡು ಸಲ ಓದಿಸಿಕೊಂಡ. ಆಮೇಲೆ ಗೋಡೆಯ ಕಾಗದ ನೋಡುತ್ತ, "ಮುತ್ಯಾ ನಮ್ಮನ್ನ ಹುಟ್ಟೂಕಿಂತ ಮೊದಲಽ ತಿಳಕೊಂಡಿದ್ದ, ಕಾಕಾ" ಎಂದ. ಮರುದಿನ ಆಕ್ಷೇಪಣೆ ವಾಪಸ್ ತೆಗೆದುಕೊಂಡ. ಕಾಗದ ನಿಮ್ಮದು, ಕೊಡುತ್ತೇನೆ ಎಂದಿದ್ದಾನೆ. ಮುಂದಿನ ದೀಪಾವಳಿಗೆ ಗೋಡೆ ಖಾಲಿ ಕಾಣುತ್ತದೆ ಎಂದು ಭುವನೇಶ್ವರಿಗೆ ಬೇಜಾರು.

ಕೊನೆಯ ಬರಹ ಹೀಗಿದೆ. ಕೆತ್ತಲು ಹೋಗಿದೆ:

"ಈ ಬಾವಿಯನ್ನು 1352 ಫಸಲಿಯಲ್ಲಿ (1942-43) ಭೀಮವ್ವ ತನ್ನ ಕುರಿಗಳನ್ನು ಕೊಟ್ಟು ಓಣಿಗಾಗಿ ತೋಡಿಸಿದಳು. ಅರ್ಜಿ ಬರೆದವರು ಸಂಗಣ್ಣ."

ಕುರಿ ಕೊಟ್ಟ ಮಾತು ಕಾಗದದಲ್ಲಿಲ್ಲ. ನೀವು ಹೇಳಿದ್ದೆಂದು ಶಾಲೆಯ ಪುಸ್ತಕದಲ್ಲಿ ನಮೂದಾಗಿದೆ.

ಕಲ್ಲು ಕೂರಿಸುವುದು ಫೆಬ್ರುವರಿ 8, ಭಾನುವಾರ, ಬೆಳಗ್ಗೆ ಹತ್ತಕ್ಕೆ. ಗಾಲಿ ಹೊಸದು ಹಾಕಿಸಿದ್ದೇವೆ. ಮೊದಲ ಕೊಡ ಯಾರು ಸೇದಬೇಕೆಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದಾರೆ.

ಸಂಗಮನಾಥ


ನಾರಾಯಣಪುರ
31 ಜನವರಿ 2026

ಸಂಗಮಣ್ಣಾ,

ಪೇಪರ್ ಸಿಕ್ಕಿತು. ಪೂರ್ತಿ ನಾನು ಮೊದಲು ಓದಿಕೊಂಡು, ಆಮೇಲೆ ಆಯಿಯ ಫೋಟೊದ ಮುಂದೆ ಜೋರಾಗಿ ಓದಿದೆ.

ಕಾಗದ ಭೀಮಾಶಂಕರನ ಅಂಗಡಿಯಲ್ಲೇ ಇರಲಿ. ಆಯಿ ಇಟ್ಟ ಜಾಗ ಅದು. ಪಕ್ಕದಲ್ಲಿ ಫರ್ಹೀನ್ ಅವರಿಂದ ಕನ್ನಡದಲ್ಲಿ ಬರೆಸಿ ಹಚ್ಚಲು ಹೇಳಿ. ಕುಂಕುಮ ಇಡುವುದು ಬಿಡುವುದು ಭುವನೇಶ್ವರಿಯ ಇಷ್ಟ.

ಹಗ್ಗ ಹೊಸದಿರಲಿ, ನನಗೆ ಭುಜ ನೋವಿದೆ. ಕುಡಿಯಲು ಒಂದು ತಂಬಿಗೆ ಇಡಿ. ಮಾನಮ್ಮನನ್ನು ಕಟ್ಟೆಯ ಹತ್ತಿರ ಕೂರಿಸಿ. ಕರಿ ಉಣ್ಣೆಯನ್ನು ಹುಲಗಪ್ಪ ಕೊಂಕಲ್‌ನಿಂದ ತರುತ್ತಾನೆ.

ನಾನು ಹತ್ತುವ ಬಸ್ಸು ಭಾನುವಾರ ಬೆಳಗ್ಗೆ ಆರೂವರೆಗೆ ನಾರಾಯಣಪುರ ಬಿಡುತ್ತದೆ. ಸುರಪುರದ ಮೇಲೆ ಹಾಯ್ದು ಒಂಬತ್ತಕ್ಕೆ ಶಹಾಪುರ ತಲುಪುತ್ತದೆ.

ನಿಮ್ಮ ತಂಗಿ,
ಸರೋಜಾ